ಹದಿನೇಳರಲ್ಲಿ ಒಂಬತ್ತನೇ ಫೋಟೋ

ಮಾರ್ಚ್ 11

ಅತ್ತೆ,

ಐದು ದಿನದಿಂದ ನಿನಗೆ ಇಪ್ಪತ್ತೆರಡು ಮೆಸೇಜ್ ಹಾಕಿದೀನಿ. ಒಂದಕ್ಕೂ ಎರಡನೇ ಟಿಕ್ ಬಿದ್ದಿಲ್ಲ. ಬ್ಲಾಕ್ ಮಾಡಿದಾಳೆ ಅಂದ್ಕೊಂಡು ಇಡೀ ಭಾನುವಾರ ಮುಖ ಊದಿಸ್ಕೊಂಡಿದ್ದೆ. ಇವತ್ತು ತಿಂಡಿ ತಿನ್ನೋವಾಗ ಅಪ್ಪ ಪೇಪರಿಂದ ತಲೆ ಎತ್ತದೇ ಹೇಳಿದ್ರು, "ನಿಮ್ಮತ್ತೆ ಫೋನು ತನಿಖೆಯವರ ಹತ್ರ ಇದೆ. ಮಾತಾಡ್ಬೇಕು ಅಂದ್ರೆ ಕಾಗದ ಬರಿ." ಯಾವ ತನಿಖೆ ಅಂದೆ. ಅಮ್ಮ ಅಪ್ಪನ್ನ ನೋಡಿದ್ರು. ಅಪ್ಪ ಪೇಪರ್ ಮಡಚಿಟ್ರು.

ಅಪಘಾತ ಆದ ಆ ವಿಮಾನದ ಮೇಂಟೆನೆನ್ಸ್‌ಗೆ ನೀನೇ ಡ್ಯೂಟಿ ಅಂತ ನಂಗೆ ಗೊತ್ತಾಗಿದ್ದೇ ಆಗ. ಆ ವಾರ ರಜೆ ಹಾಕಿದೀನಿ ಅಂದಿದ್ಯಲ್ಲ ನೀನು. ಯಾವಾಗ ಕ್ಯಾನ್ಸಲ್ ಮಾಡ್ದೆ? ಯಾಕೆ ಹೇಳ್ಲಿಲ್ಲ?

ನಮ್ಮ ವಿಮಾನ ಹುಚ್ಚರ ಗ್ರೂಪಲ್ಲಿ ಗೊತ್ತಿರೋದು ಇಷ್ಟು. ಮಾರ್ಚ್ ಆರು, ಸಂಜೆ ಐದೂಕಾಲು. ಎರಡು ಪ್ರೊಪೆಲ್ಲರಿನ ಐವತ್ತು ಸೀಟಿನ ವಿಮಾನ ರನ್‌ವೇ ಮೇಲೆ ಓಡೋಕೆ ಶುರು ಮಾಡ್ತು. ಎಡಗಡೆ ಕೂರೋ ಕ್ಯಾಪ್ಟನ್ ಕಡೆ ವೇಗದ ಮುಳ್ಳು ಏಳ್ಲೇ ಇಲ್ಲ. ಪಕ್ಕದ ಪೈಲಟ್ ಕಡೆ ಮುಳ್ಳು ಸರಿಯಾಗಿ ಏರ್ತಾ ಇತ್ತು. ಯಾವುದು ಸುಳ್ಳು ಅಂತ ತೀರ್ಮಾನ ಮಾಡೋಕೆ ಅವರಿಗೆ ನಾಲ್ಕು ಸೆಕೆಂಡ್ ಬೇಕಾಯ್ತು. ಆಮೇಲೆ ಬ್ರೇಕ್ ಹಾಕಿದ್ರು, ಆದ್ರೆ ರನ್‌ವೇ ಮುಗಿದಿತ್ತು. ಮೂಗು ಹಳ್ಳಕ್ಕೆ. ಹನ್ನೊಂದು ಜನಕ್ಕೆ ಗಾಯ, ಒಬ್ಬ ಗಗನಸಖಿ ತೀರ್ಕೊಂಡ್ರು.

ಕಾರಣ ಪಿಟೋ ಟ್ಯೂಬಿನ ಟೋಪಿ ತೆಗೆಯೋದು ಮರ್ತಿದ್ದು ಅಂತ ಗ್ರೂಪಲ್ಲಿ ಒಂದು ಥ್ರೆಡ್ ಸಿಕ್ಕಾಪಟ್ಟೆ ಓಡ್ತಿದೆ. ನಾನೇನೂ ಬರ್ದಿಲ್ಲ, ಸುಮ್ನೆ ಓದ್ತಿದೀನಿ ಅಷ್ಟೇ. ನಿಜ ಏನು ಅತ್ತೆ? ಒಂದು ಲೈನ್ ಸಾಕು.

ಕೆಳಗೆ ಎರಡು ಟಿಕ್ ಬರೆದಿದೀನಿ. ಓದಿದ ಮೇಲೆ ನೀಲಿ ಬಣ್ಣ ತುಂಬಿ ವಾಪಸ್ ಕಳ್ಸು. ಪೋಸ್ಟಲ್ಲಿ ಯಾರು ಓದಿದ್ರು ಯಾರು ಓದ್ಲಿಲ್ಲ ಅಂತ ಗೊತ್ತಾಗದೇ ಜನ ಹಿಂದೆಲ್ಲ ಹೇಗೆ ಬದುಕಿದ್ರೋ.

ನಿನ್ನ ರೇಡಾರ್


ಮಾರ್ಚ್ 17

ಪ್ರೀತಿಯ ರೇಡಾರ್,

ಕಾಗದ ತಲುಪಿತು. ಟಿಕ್ಕಿಗೆ ಬಣ್ಣ ತುಂಬಿ ಇದರೊಂದಿಗೆ ಇಟ್ಟಿದ್ದೇನೆ. ನೀಲಿ ಪೆನ್ನು ಇರಲಿಲ್ಲ, ಹಸಿರಿನಲ್ಲಿ ತುಂಬಿದ್ದೇನೆ. ನಡೆಸಿಕೋ.

ನಿನ್ನ ಗ್ರೂಪಿನವರು ಪಿಟೋ ಟ್ಯೂಬಿನ ಬಗ್ಗೆ ಬಲು ದೊಡ್ಡ ಮಾತಾಡುತ್ತಾರೆ. ಅದೊಂದು ಕೊಳವೆ, ಅಷ್ಟೇ. ವಿಮಾನದ ಮೂಗಿನ ಪಕ್ಕದಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ, ಬೆರಳಿನ ಗಾತ್ರ. ಎದುರು ಗಾಳಿ ಅದರ ಬಾಯಿಗೆ ಎಷ್ಟು ಜೋರಾಗಿ ನುಗ್ಗುತ್ತದೆ ಎಂದು ಅಳೆದು ಮುಳ್ಳು ವೇಗ ತೋರಿಸುತ್ತದೆ. ಬಾಯಿ ಕಟ್ಟಿದರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ವೇಗ ಇಲ್ಲ. ಕಟ್ಟಿದ್ದು ಬಟ್ಟೆಯೋ ಮಂಜೋ ಮಣ್ಣೋ ಎಂದು ಮುಳ್ಳು ಹೇಳುವುದಿಲ್ಲ. ಅದಕ್ಕೇ ನಿಂತ ವಿಮಾನದ ಕೊಳವೆಗಳಿಗೆ ಕೆಂಪು ರಿಬ್ಬನ್ನಿನ ಬಟ್ಟೆ ಟೋಪಿ ತೊಡಿಸುತ್ತೇವೆ, ಹೊರಡುವ ಮೊದಲು ತೆಗೆಯುತ್ತೇವೆ.

ನಾನು ತೆಗೆದಿದ್ದೆ. ಮೂರನ್ನೂ ತೆಗೆದು, ಹೆಗಲ ಮೇಲೆ ಹಾಕಿಕೊಂಡು, ಸ್ಟೋರಿನ ಮೊಳೆಗೆ ನೇತುಹಾಕಿ, ವಿಮಾನ ಹೊರಟ ಮೇಲೆ ಕೈ ತೊಳೆದುಕೊಂಡು ಟೀ ಕುಡಿಯಲು ಹೋದೆ. ಲೋಟ ಬಾಯಿಗಿಡುವಷ್ಟರಲ್ಲಿ ಸೈರನ್ ಕೇಳಿಸಿತು.

ಮೊನ್ನೆ ಕಂಪನಿಯ ಕ್ವಾಲಿಟಿ ಸಾಹೇಬರು ಒಂದು ಹಾಳೆ ತಂದಿದ್ದರು. "ಎಡಗಡೆ ಪಿಟೋ ಟ್ಯೂಬಿನ ಟೋಪಿ ತೆಗೆಯಲು ನಾನು ಮರೆತೆ" ಎಂದು ಟೈಪ್ ಮಾಡಿಸಿದ್ದರು. ತಾರೀಖಿನ ಜಾಗ ಮಾತ್ರ ಖಾಲಿ.

"ಇದು ಬರೀ ಫಾರ್ಮಾಲಿಟಿ ಕಣಮ್ಮ," ಅಂದರು.

"ಫಾರ್ಮಾಲಿಟಿ ಆದ್ರೆ ನೀವೇ ಸೈನ್ ಮಾಡಿ ಸಾರ್," ಅಂದೆ.

"ಟೋಪಿ ತೆಗೆದಿದ್ದಕ್ಕೆ ಸಾಕ್ಷಿ ಏನಿದೆ ನಿನ್ನ ಹತ್ರ?"

"ಮೊಳೆ ನೋಡಿ."

ನೋಡಿದೆವು. ಮೊಳೆಯಲ್ಲಿ ಹೊಚ್ಚ ಹೊಸ ಮೂರು ಟೋಪಿ ನೇತಾಡುತ್ತಿದ್ದವು, ಮಡಿಕೆ ಗೆರೆ ಕೂಡ ಹೋಗಿರಲಿಲ್ಲ. ಹಳೆಯವು ಎಲ್ಲಿ ಎಂದು ಕೇಳಿದರೆ ಸ್ಟೋರಿನವನು ಗೋಡೆ ನೋಡಿದ. ಹಳೆಯದರಲ್ಲಿ ಒಂದು ಹಳ್ಳದಲ್ಲಿ ಕೊಚ್ಚಿಹೋಗಿರಬೇಕು ಎಂದು ಸಾಹೇಬರೇ ತೀರ್ಮಾನಿಸಿದರು.

ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ನಿಮ್ಮಪ್ಪನಿಗೆ ಹೇಳು, ತಂಗಿ ಊಟ ಮಾಡುತ್ತಿದ್ದಾಳೆ, ನಿದ್ದೆ ಮಾಡುತ್ತಿದ್ದಾಳೆ ಎಂದು. ಇದರ ಬಗ್ಗೆ ಇನ್ನು ಕೇಳಬೇಡ.

ನಿನ್ನ ಅತ್ತೆ


ಮಾರ್ಚ್ 23

ಅತ್ತೆ,

ಕೇಳಬೇಡ ಅಂದ್ರೆ ಕೇಳಲ್ಲ. ಹೇಳ್ತೀನಿ.

ಒಂದು. ನೀನು ಹೆದರ್ಕೊಂಡಿದೀಯ. ಹೆದರ್ಬೇಡ. ಅವರೆಲ್ಲ ಸೇರಿ ವಿಮಾನಕ್ಕೆ ಹಾಕೋ ಟೋಪಿನ ನಿಂಗೆ ಹಾಕೋಕೆ ನೋಡ್ತಿದಾರೆ, ನಾನು ಬಿಡಲ್ಲ.

ಎರಡು. ನಿಮ್ಮ ಏರ್‌ಫೀಲ್ಡ್ ಪಕ್ಕ ಒಬ್ರು ಇದಾರೆ, ರಿಟೈರ್ಡ್ ಬಸ್ ಕಂಡಕ್ಟರ್. ಗ್ರೂಪಲ್ಲಿ ಅವರನ್ನ ಬೇಲಿ ಮಾವ ಅಂತೀವಿ, ಯಾಕಂದ್ರೆ ಮಡಚೋ ಕುರ್ಚಿ ಹಾಕ್ಕೊಂಡು ಇಡೀ ದಿನ ಬೇಲಿ ಹತ್ರಾನೇ ಕೂತು ಬರೋ ಹೋಗೋ ವಿಮಾನದ ಫೋಟೋ ತೆಗೀತಾರೆ. ಥ್ರೆಡ್ಡಲ್ಲಿ ಓಡ್ತಿರೋ, ಟೋಪಿಯ ರಿಬ್ಬನ್ ಕಾಣೋ ಫೋಟೋ ಅವರ್ದೇ. ನಾನು ಅವರಿಗೆ ಫೋನ್ ಮಾಡ್ದೆ.

"ಮಾವ, ಅವತ್ತು ಒಂದೇ ಫೋಟೋನಾ ತೆಗ್ದಿದ್ದು?"

"ಒಂದು ವಿಮಾನಕ್ಕೆ ಒಂದೇ ಫೋಟೋ ತೆಗೆಯೋಕೆ ನನಗೇನು ಬೇರೆ ಕೆಲಸ ಇದ್ಯೇನಮ್ಮ? ಹದಿನೇಳಿವೆ. ಯಾರೂ ಕೇಳ್ಲಿಲ್ಲ, ನಾನೂ ಹಾಕ್ಲಿಲ್ಲ."

ಹದಿನೇಳೂ ಕಳಿಸಿದ್ರು. ಮಧ್ಯಾಹ್ನ ಒಂದರಿಂದ ಐದೂಕಾಲರ ತನಕ. ಮೂರನೇ ವಿಷ್ಯ. ಹದಿನಾರನೇದು ನೋಡು, ಇದರ ಜೊತೆ ಪ್ರಿಂಟ್ ಹಾಕಿ ಇಟ್ಟಿದೀನಿ. ಟೈಮು ಐದು ಹತ್ತು. ವಿಮಾನ ಜಾಗ ಬಿಟ್ಟು ಹೊರಟಿದೆ. ಮೂಗಿನ ಎಡಪಕ್ಕ ಕೊಳವೆ ಕಾಣ್ತಿದೆ, ರಿಬ್ಬನ್ ಇಲ್ಲ, ಟೋಪಿ ಇಲ್ಲ, ಏನೂ ಇಲ್ಲ. ನೀನು ತೆಗ್ದಿದೀಯ. ಮುಗೀತು.

ಇದೊಂದನ್ನ ತನಿಖಾ ಮಂಡಳಿಗೆ ಕಳಿಸಿದ್ರೆ ಸಾಹೇಬರ ಹಾಳೆ ಕಸದ ಬುಟ್ಟಿಗೆ. ಆ ಥ್ರೆಡ್ ಬರೆದೋರು ಯಾರೋ, ಅವರಿಗೂ ನಾಚಿಕೆ ಆಗ್ಬೇಕು.

ಕಳಿಸ್ಲಾ? ಹೂಂ ಅನ್ನು.

ರೇಡಾರ್


ಏಪ್ರಿಲ್ 1

ರೇಡಾರ್,

ಹದಿನೇಳನ್ನೂ ಕಳಿಸು. ದೊಡ್ಡದಾಗಿ ಪ್ರಿಂಟ್ ಹಾಕಿಸು. ಅಂಚು ಕತ್ತರಿಸಬೇಡ.

ಆ ಥ್ರೆಡ್ಡಿನ ಪ್ರತಿಯನ್ನು ಸಾಹೇಬರು ನನ್ನ ಮುಂದೆ ಮೇಜಿನ ಮೇಲೆ ಹರಡಿದ್ದರು. ನಾಲ್ಕು ಹಾಳೆ. ಮೂರನೇ ಹಾಳೆಯಲ್ಲಿ ಹೀಗಿತ್ತು: "ಈ ಕಂಪನಿಯಲ್ಲಿ ಆರು ಗಂಟೆಗಿಂತ ಕಮ್ಮಿ ನಿಲ್ಲೋ ವಿಮಾನಕ್ಕೆ ಟೋಪಿ ಹಾಕೋ ಹಾಗೇ ಇಲ್ಲ. ಅಂದ್ರೆ ಯಾರೋ ನಿಯಮ ಮೀರಿ ಹಾಕಿದಾರೆ, ಲೆಕ್ಕದಲ್ಲಿ ಇಲ್ಲದ್ದರಿಂದ ತೆಗೆಯೋದು ಮರ್ತಿದಾರೆ."

ಆ ಆರು ಗಂಟೆಯ ನಿಯಮ ಹೊರಗೆ ಯಾರಿಗೂ ಗೊತ್ತಿಲ್ಲ. ಹಿಂದೆ ಬೇರೆಲ್ಲೋ ಒಬ್ಬರು ಟೋಪಿ ತೆಗೆಯಲು ಮರೆತರೆಂದು, ಟೋಪಿ ಹಾಕುವುದನ್ನೇ ಕಡಿಮೆ ಮಾಡಿ ಎಂದು ಕಂಪನಿ ಒಳಗೊಳಗೇ ಹೊರಡಿಸಿದ ಸುತ್ತೋಲೆ ಅದು. ನಾನು ಅದನ್ನು ಬೈದುಕೊಂಡು ಹೇಳಿದ್ದು ಒಬ್ಬರ ಹತ್ತಿರ ಮಾತ್ರ. ಫೋನಿನಲ್ಲಿ. ಜನವರಿಯಲ್ಲಿ.

ಅತ್ತೆ


ಏಪ್ರಿಲ್ 6

ಅತ್ತೆ,

ನಾನೇ.

ನಾಲ್ಕು ಸಲ ಬರ್ದು ಹರಿದೆ. ಫೋನಲ್ಲಾದ್ರೆ ಅಳಿಸಿ ಅಳಿಸಿ ಬರೀಬಹುದು, ಇಲ್ಲಿ ಬುಟ್ಟಿ ತುಂಬ್ತಿದೆ. ಅದಕ್ಕೆ ನೇರವಾಗಿ ಹೇಳ್ತೀನಿ.

ಅಪಘಾತ ಆದ ಮಾರನೇ ದಿನ ಬೇಲಿ ಮಾವ ಒಂದು ಫೋಟೋ ಹಾಕಿದ್ರು, ಹದಿನಾಲ್ಕನೇದು. ಸಂಜೆ ನಾಲ್ಕೂ ನಲವತ್ತು. ರಿಬ್ಬನ್ ಕಾಣ್ತಿತ್ತು. ನೀನು ಹೇಳಿದ ನಿಯಮ ನೆನಪಾಯ್ತು. ತಲೆಯೊಳಗೆ ದೀಪ ಹತ್ಕೊಂಡ ಹಾಗಾಯ್ತು. ನೀನು ರಜೇಲಿದೀಯ ಅಂತಾನೇ ಇದ್ದೆ ನಾನು, ಸತ್ಯವಾಗಿ. ಫೋಟೋನ ಮೂಗಷ್ಟೇ ಉಳಿಯೋ ಹಾಗೆ ಕತ್ತರಿಸಿ, ರಿಬ್ಬನ್ ಸುತ್ತ ಹಳದಿ ಗೆರೆ ಎಳ್ದು, ಇಪ್ಪತ್ತು ನಿಮಿಷದಲ್ಲಿ ಹನ್ನೆರಡು ಪೋಸ್ಟ್ ಬರೆದೆ. ಸಂಜೆ ಹೊತ್ತಿಗೆ ಒಂಬತ್ತು ಸಾವಿರ ಜನ ಓದಿದ್ರು. ಗ್ರೂಪಿನ ಅಡ್ಮಿನ್ "ಈ ಹುಡುಗಿ ನೋಡ್ರಪ್ಪ" ಅಂತ ಹಾಕಿದ್ರು. ಅವತ್ತು ನಂಗೆ ಎಷ್ಟು ಖುಷಿ ಆಗಿತ್ತು ಅಂದ್ರೆ ಊಟ ಸೇರ್ಲಿಲ್ಲ.

ಈಗ ಪೂರ್ತಿ ಫೋಟೋ ನೋಡ್ದೆ. ನಾನು ಕತ್ತರಿಸಿ ಬಿಸಾಕಿದ ಎಡಗಡೆ ಅಂಚಲ್ಲಿ ಒಬ್ರು ಕಿತ್ತಳೆ ಜಾಕೆಟ್ ಹಾಕ್ಕೊಂಡು ವಿಮಾನದ ಮೂಗಿನ ಕಡೆ ನಡ್ಕೊಂಡು ಬರ್ತಿದಾರೆ. ಬಲಗೈ ಎತ್ತಿದಾರೆ, ರಿಬ್ಬನ್ ಹಿಡಿಯೋಕೆ. ಕೂದಲು ಪೆನ್ಸಿಲ್ಲಿಂದ ಗಂಟು ಹಾಕಿದೆ.

ನಿನ್ನನ್ನೇ ಕತ್ತರಿಸಿದೀನಿ.

ಕ್ಷಮ್ಸು ಅಂತ ಕೇಳಲ್ಲ, ಅದು ಬಹಳ ಸುಲಭ ಆಗತ್ತೆ. ಬೇರೆ ವಿಷ್ಯ ಹೇಳ್ತೀನಿ.

ಇದರ ಜೊತೆ ಹದಿನಾರು ಪ್ರಿಂಟ್ ಇದೆ. ಹದಿನೇಳಲ್ಲ. ಒಂಬತ್ತನೇದು ಮಧ್ಯಾಹ್ನ ಮೂರು ಗಂಟೆದು, ಬೇಲಿ ಮಾವ ಅವರ ದೊಡ್ಡ ಲೆನ್ಸ್ ಹಾಕಿ ಮೂಗಷ್ಟೇ ತೆಗ್ದಿದಾರೆ. ಜೂಮ್ ಮಾಡಿ ನೋಡ್ದೆ. ಎಡಗಡೆ ಟೋಪಿಯ ತುದಿ ಸುಟ್ಟು ಕಪ್ಪಾಗಿದೆ. ಮಧ್ಯದಲ್ಲಿ ತೂತು. ಕಿರುಬೆರಳು ತೂರೋವಷ್ಟು.

ಇದನ್ನ ಯಾರಿಗೂ ತೋರಿಸಲ್ಲ. ಬೇಲಿ ಮಾವನಿಗೂ ಹೇಳಿದೀನಿ. "ನಾನು ಟಿಕೆಟ್ ಹರಿದವನು ಕಣಮ್ಮ, ಬಾಯಿ ಬಿಡೋನಲ್ಲ," ಅಂದ್ರು. ಹದಿನಾರು ಸಾಕು. ನೀನು ಗೆಲ್ತೀಯ.

ರೇಡಾರ್


ಏಪ್ರಿಲ್ 13

ರೇಡಾರ್,

ಹದಿನಾರು ಸಾಲದು. ಯಾಕೆ ಎಂದು ಪೂರ್ತಿ ಹೇಳುತ್ತೇನೆ. ಕೂತು ಓದು. ಓಡಾಡುತ್ತಾ ಓದಬೇಡ, ನಿನ್ನ ಅಭ್ಯಾಸ ನನಗೆ ಗೊತ್ತು.

ಹಾರುವಾಗ ಮಂಜು ಕಟ್ಟದಿರಲಿ ಎಂದು ಪಿಟೋ ಟ್ಯೂಬನ್ನು ಒಳಗಿನಿಂದ ಬಿಸಿ ಮಾಡುತ್ತಾರೆ. ವಿಮಾನ ಇಳಿದ ತಕ್ಷಣ ಅದು ಕಾದ ಕಬ್ಬಿಣ. ಆರುವವರೆಗೆ ಕಾಯದೆ ಟೋಪಿ ತೊಡಿಸಿದರೆ ತುದಿ ಸುಡುತ್ತದೆ. ನಮ್ಮ ಟೋಪಿಗಳೆಲ್ಲ ಹಾಗೆ ಸುಟ್ಟವೇ. ಹೊಸದು ಬೇಕೆಂದು ಮೂರು ಸಲ ಚೀಟಿ ಬರೆದೆ. ಆರು ಗಂಟೆಗಿಂತ ಕಡಿಮೆ ನಿಂತರೆ ಟೋಪಿಯೇ ಬೇಡ ಎಂದು ನಿಯಮ ಇರುವಾಗ ಹೊಸ ಟೋಪಿ ಯಾಕೆ ಎಂದು ಮೂರು ಸಲವೂ ಚೀಟಿ ವಾಪಸ್ ಬಂತು.

ನಮ್ಮ ಹ್ಯಾಂಗರಿನ ಗೋಡೆಯಲ್ಲಿ ಕಡಜಗಳಿವೆ. ಮಣ್ಣಿನ ಗೂಡು ಕಟ್ಟುವ ಜಾತಿ. ಯಾವ ಸಂದಿ, ಯಾವ ತೂತು ಸಿಕ್ಕರೂ ಬಿಡುವುದಿಲ್ಲ. ಒಮ್ಮೆ ನನ್ನ ಸ್ಪ್ಯಾನರಿನ ಹಿಡಿಯೊಳಗೇ ಮನೆ ಮಾಡಿತ್ತು. ಎರಡು ಗಂಟೆ ಕೊಟ್ಟರೆ ಅವು ಒಂದು ಕೊಳವೆಯ ಬಾಯಿ ಮುಚ್ಚುತ್ತವೆ. ಅದಕ್ಕೇ ನಾನು ನಿಯಮ ಮೀರಿ ಟೋಪಿ ಹಾಕುತ್ತಿದ್ದೆ. ಹಾಕುವಾಗ ಎಡಗಡೆಯದರ ತೂತು ನೋಡಿದೆ. ಇಲ್ಲದ್ದಕ್ಕಿಂತ ಇದೇ ವಾಸಿ ಎಂದುಕೊಂಡು ತೊಡಿಸಿದೆ. ಸಂಜೆ ನೆಲದ ಮೇಲೆ ನಿಂತೇ ರಿಬ್ಬನ್ ಹಿಡಿದು ಎಳೆದೆ. ಏಣಿ ಬೇರೆ ವಿಮಾನದ ಹತ್ತಿರ ಇತ್ತು. ತಂದು ಹತ್ತಿ ಕೊಳವೆಯೊಳಗೆ ಇಣುಕಿ ನೋಡಲಿಲ್ಲ. ಟೋಪಿ ಇತ್ತಲ್ಲ ಎಂಬ ಧೈರ್ಯ. ಟೋಪಿ ಹಾಕದೇ ಇದ್ದಿದ್ದರೆ ಖಂಡಿತ ಹತ್ತಿ ನೋಡುತ್ತಿದ್ದೆ.

ಇದು ನಾನು ಮಾಡಿದ್ದು. ಇದಕ್ಕೆ ನಾನು ಸಹಿ ಹಾಕುತ್ತೇನೆ. ಮಾಡದೇ ಇದ್ದದ್ದಕ್ಕೆ ಹಾಕುವುದಿಲ್ಲ.

ನಿನಗೆ ಹೇಳದ ಇನ್ನೊಂದು ವಿಷಯ ಇದೆ. ಮರೆತೆ ಎಂದು ಒಪ್ಪಿಕೊಂಡರೆ ಆರು ತಿಂಗಳು ಅಮಾನತು, ಆಮೇಲೆ ಕೆಲಸ ವಾಪಸ್. ಸಾಹೇಬರು ಬಾಯಿಬಿಟ್ಟೇ ಹೇಳಿದ್ದಾರೆ, "ಮರೆವು ಯಾರಿಗಿಲ್ಲಮ್ಮ?" ತೂತು ಗೊತ್ತಿದ್ದೂ ಹಾಕಿದೆ ಎಂದರೆ ಅದು ಮರೆವಲ್ಲ. ಲೈಸೆನ್ಸೇ ಹೋಗುತ್ತದೆ. ಆದರೆ ಮರೆವು ಎಂದು ಬರೆದ ದಿನವೇ ಕೇಸು ಮುಗಿಯುತ್ತದೆ. ವಿಮಾನದ ಮೂಗು ಹಳ್ಳದ ಕೆಸರಿನಲ್ಲಿ ಹೂತಿತ್ತು, ಕೊಳವೆಯ ತುಂಬ ಮಣ್ಣಿದೆ, ಅದೆಲ್ಲ ಹಳ್ಳದ ಮಣ್ಣು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಕೊಳವೆಯನ್ನು ಕೊಯ್ದು ನೋಡಿ ಎಂದು ನಾನು ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂಬುದಕ್ಕೆ ಉತ್ತರ ನಿನ್ನ ಒಂಬತ್ತನೇ ಫೋಟೋದಲ್ಲಿ ಮಾತ್ರ ಇದೆ. ಆ ತೂತು ಕಾಣದಿದ್ದರೆ ಕೊಳವೆ ಗುಜರಿಗೆ ಹೋಗುತ್ತದೆ. ಕಂಪನಿಯ ಉಳಿದ ಊರುಗಳಲ್ಲಿ ಸುಟ್ಟ ಟೋಪಿಗಳು ಹಾಗೇ ಇರುತ್ತವೆ.

ಸತ್ತ ಆ ಹುಡುಗಿ, ಪ್ರಯಾಣಿಕರು ಬಿಟ್ಟುಹೋದ ಪೇಪರಿನಿಂದ ಪದಬಂಧ ಹರಿದು ನನಗೆ ತಂದುಕೊಡುತ್ತಿದ್ದಳು. "ಅರ್ಧ ತುಂಬ್ಸಿದಾರೆ ಅಕ್ಕ, ಉಳಿದಿದ್ದು ನಿಮಗೆ" ಎನ್ನುತ್ತಿದ್ದಳು. ಆರನೇ ತಾರೀಖಿನದು ಇನ್ನೂ ನನ್ನ ಜೇಬಿನಲ್ಲಿದೆ. ಅವಳ ತಾಯಿಗೆ ಯಾರೋ ಮರೆತರಂತೆ ಎಂದು ಹೇಳಿ ಕಳಿಸಲು ನನ್ನಿಂದ ಆಗದು.

ಮೊದಲ ಸಲ ಫೋಟೋ ಕತ್ತರಿಸಿ ನನ್ನನ್ನು ಅಪರಾಧಿ ಮಾಡಿದೆ. ಈಗ ಇನ್ನೊಂದು ಸಲ ಕತ್ತರಿಸಿ ನಿರಪರಾಧಿ ಮಾಡಬೇಡ. ಎರಡೂ ಒಂದೇ ಕತ್ತರಿ.

ವಿಚಾರಣೆ ಮೇ ಐದಕ್ಕೆ. ಒಂಬತ್ತನ್ನು ಮಂಡಳಿಗೆ ಕಳಿಸು.

ಅತ್ತೆ


ಏಪ್ರಿಲ್ 17

ಅತ್ತೆ,

ಕಳಿಸಲ್ಲ.

ಆ ಆರು ತಿಂಗಳು ತಗೋ. ಸೈನ್ ಮಾಡು. ನಾನೇ ಹೇಳ್ತಿದೀನಿ, ಸೈನ್ ಮಾಡ್ಬೇಡ ಅಂತ ಕುಣಿದೋಳೇ ಹೇಳ್ತಿದೀನಿ. ಹದಿನೆಂಟು ವರ್ಷ ವಿಮಾನದ ಹೊಟ್ಟೆ ಕೆಳಗೆ ಮಲ್ಗಿ ಕೆಲಸ ಮಾಡಿದೀಯ. ಆ ಏರ್‌ಫೀಲ್ಡಲ್ಲಿ ಹೆಂಗಸರ ಟಾಯ್ಲೆಟ್ಟೇ ಇರ್ಲಿಲ್ಲ ನೀನು ಸೇರಿದಾಗ. ಅದನ್ನೆಲ್ಲ ಒಂದು ತೂತಿಗೆ ಯಾಕೆ ಕೊಡ್ತೀಯ? ಟೋಪಿ ಕೊಡದೇ ಇದ್ದೋರು ಅವರು. ನಿಯಮ ಮಾಡಿದೋರು ಅವರು. ಸಾಹೇಬರ ಲೈಸೆನ್ಸ್ ಹೋಗತ್ತಾ? ಅವರ ಹತ್ರ ಲೈಸೆನ್ಸೇ ಇಲ್ಲ, ಟೈ ಇದೆ.

ನಿನ್ನ ಮೇಲೆ ಕಲ್ಲು ಎಸೆಯೋ ಹಾಗೆ ಮಾಡಿದ್ದು ನಾನೇ. ಇನ್ನೊಂದು ಕಲ್ಲು ನನ್ನ ಕೈಯಿಂದಾನೇ ಕೇಳ್ತೀಯ. ಅಪ್ಪನಿಗೆ ನಿನ್ನ ಕಾಗದ ತೋರಿಸ್ದೆ. "ಅವಳು ಚಿಕ್ಕೋಳಿದ್ದಾಗ್ಲೂ ಹೀಗೇ, ಹೊಡೆಸ್ಕೊಂಡಾದ್ರೂ ಸರಿ ನಿಜ ಹೇಳೋಳು, ನಾನು ಪಕ್ಕದಲ್ಲಿ ನಿಂತು ಹೊಡೆಸ್ಕೊಳ್ತಿದ್ದೆ," ಅಂದ್ರು. ನಗ್ಲಿಲ್ಲ.

ಒಂಬತ್ತನ್ನ ಡಿಲೀಟ್ ಮಾಡಿದೀನಿ. ಈಗ ಏನ್ಮಾಡ್ತೀಯ?

ರೇಡಾರ್


ಏಪ್ರಿಲ್ 28

ಅತ್ತೆ,

ಹನ್ನೊಂದು ದಿನ ಆಯ್ತು, ನಿನ್ನಿಂದ ಒಂದಕ್ಷರ ಇಲ್ಲ. ಸಿಟ್ಟಾಗಿದೀಯ ಅಂದ್ಕೊಂಡೆ. ಆಮೇಲೆ ಅನ್ನಿಸ್ತು, ನೀನು ಕಾಯ್ತಿದೀಯ ಅಂತ.

ಡಿಲೀಟ್ ಮಾಡಿರ್ಲಿಲ್ಲ. ಸುಳ್ಳು.

ಶನಿವಾರ ಮಧ್ಯಾಹ್ನ ನಮ್ಮೂರ ಏರ್‌ಪೋರ್ಟ್ ಪಾರ್ಕಿಂಗ್ ಕಟ್ಟಡದ ಮೇಲ್ಗಡೆ ಹೋಗಿದ್ದೆ. ಸುಮ್ನೆ, ತಲೆ ಸರಿ ಆಗ್ಲಿ ಅಂತ. ನಿಮ್ಮ ಕಂಪನಿಯ ಅದೇ ಜಾತಿ ವಿಮಾನ ಒಂದು ನಿಂತಿತ್ತು. ಇಲ್ಲೂ ನಿನ್ನ ಹಾಗೆ ಯಾರೋ ಒಬ್ರು ನಿಯಮ ಮೀರೋರು ಇದಾರೆ ಅತ್ತೆ, ಟೋಪಿ ಹಾಕಿದ್ರು. ಕ್ಯಾಮೆರಾ ಜೂಮ್ ಮಾಡ್ದೆ. ತುದಿ ಕಪ್ಪು. ತೂತು. ಇದಕ್ಕೆ ಎರಡಿತ್ತು.

ಗೇಟ್ ಹತ್ರ ಓಡ್ದೆ. ಗಾರ್ಡ್ ಹತ್ರ ಹೇಳ್ದೆ, ಆ ವಿಮಾನದ ಕೊಳವೆ ಏಣಿ ಹತ್ತಿ ನೋಡೋಕೆ ಹೇಳಿ ಅಂತ. "ಯಾವ ಕಾಲೇಜಮ್ಮ?" ಅಂದ. ಇನ್ನೊಂದು ಸಲ ಹೇಳ್ದೆ. "ವಿಮಾನ ರಿಪೇರಿ ಮಾಡೋಕೆ ಬೇಲಿಯಾಚೆಯಿಂದ ಹೇಳೋ ಮೊದಲನೇ ಹುಡುಗಿ ನೀನೇ," ಅಂತ ನಕ್ಕ. ಜನ ಹತ್ತೋಕೆ ಶುರು ಮಾಡಿದ್ರು. ಒಂದು ಅಜ್ಜಿ ಮೆಟ್ಟಿಲ ಮೇಲೆ ನಿಂತು ಉಸಿರು ತಗೊಂಡು ಹತ್ತಿದ್ರು. ಹಿಂದೆ ಇದ್ದೋರು ಯಾರೂ ಅವಸರ ಮಾಡ್ಲಿಲ್ಲ. ವಿಮಾನ ಓಡೋಕೆ ಶುರುವಾದಾಗ ನಾನು ಕಣ್ಣು ಮುಚ್ಕೊಂಡೆ. ನಾನು, ಇಷ್ಟು ವರ್ಷದಲ್ಲಿ ಒಂದೂ ಟೇಕಾಫ್ ಬಿಡದೇ ನೋಡಿದೋಳು.

ಅದು ಏನೂ ಆಗದೇ ಹಾರ್ತು. ಅವತ್ತು.

ಮನೆಗೆ ಬಂದು ಮಾಡಿದ್ದು ಹೇಳ್ತೀನಿ. ಹದಿನೇಳನ್ನೂ ಮಂಡಳಿಗೆ ಕಳಿಸ್ದೆ, ನಾನು ತೆಗ್ದಿದ್ದು ಹದಿನೆಂಟನೇದು ಅಂತ ಸೇರಿಸ್ದೆ. ಆಮೇಲೆ ಗ್ರೂಪಲ್ಲಿ ಹಳೇ ಥ್ರೆಡ್ ಅಳಿಸ್ಲಿಲ್ಲ. ಅದರ ಕೆಳಗೇ ಬರೆದೆ: "ಇದು ಬರೆದೋಳು ನಾನು, ಇದು ತಪ್ಪು. ಫೋಟೋ ಕತ್ತರಿಸಿದ್ದೆ. ಕತ್ತರಿಸದೇ ಇರೋದು ಇಲ್ಲಿದೆ. ಇದರಲ್ಲಿ ಬರ್ತಿರೋರು ನಮ್ಮತ್ತೆ. ಅವರು ಟೋಪಿ ತೆಗ್ದಿದ್ರು. ತೂತಿರೋ ಟೋಪಿ ಹಾಕಿದ್ದೂ ಅವರೇ. ಎರಡನ್ನೂ ಅವರೇ ಹೇಳ್ತಿದಾರೆ. ನಿಮ್ಮ ಊರಲ್ಲಿ ಈ ಕಂಪನಿಯ ವಿಮಾನ ನಿಂತಿದ್ರೆ ಟೋಪಿಯ ತುದಿ ಜೂಮ್ ಮಾಡಿ ಹಾಕಿ."

ಮೊದಲು ಸಿಕ್ಕಿದ್ದು ಬೈಗುಳ. "ಅತ್ತೆಗೆ ಸೊಸೆ ವಕೀಲಿ." "ಮೊದಲು ಟೋಪಿಯ ತೂತು ಹೊಲೀರಿ, ಆಮೇಲೆ ಥ್ರೆಡ್ ಎಳೀರಿ." ಅದಕ್ಕೆ ನಾನೂ ನಕ್ಕೆ, ಚೆನ್ನಾಗಿತ್ತು. ಅಡ್ಮಿನ್ ನನ್ನನ್ನ ಗ್ರೂಪಿಂದ ತೆಗೆದು ಹಾಕಿದ್ರು. ಬೇಲಿ ಮಾವ ಅದಕ್ಕೆ ಗ್ರೂಪೇ ಬಿಟ್ಟು ಬಂದ್ರು. ಆದ್ರೆ ಥ್ರೆಡ್ ಅಲ್ಲೇ ಇದೆ. ಮಾವ ಹೇಳ್ತಾರೆ, ಅವರ ಹಳೇ ಸ್ನೇಹಿತರು ಎಂಟು ಊರಿಂದ ಫೋಟೋ ಹಾಕಿದಾರಂತೆ. ಐದರಲ್ಲಿ ತುದಿ ಕಪ್ಪಂತೆ. ಅದನ್ನೂ ಮಂಡಳಿಗೆ ಕಳಿಸಿದೀವಿ.

ನಿನ್ನ ಲೈಸೆನ್ಸ್ ಹೋದ್ರೆ ಅದಕ್ಕೆ ನಾನೂ ಕೈ ಹಾಕಿದೀನಿ. ಗೊತ್ತಿದ್ದೇ ಹಾಕಿದೀನಿ. ಹೋಗು, ಹೇಳು. ಒಂದಕ್ಷರಾನೂ ಕಮ್ಮಿ ಹೇಳ್ಬೇಡ.

ರೇಡಾರ್


ಮೇ 12

ಪ್ರೀತಿಯ ರೇಡಾರ್,

ವಿಚಾರಣೆ ಎರಡು ದಿನ ನಡೆಯಿತು. ಶಾಲೆಯ ಕೊಠಡಿಯಂಥ ಒಂದು ಹಾಲ್, ಫ್ಯಾನು ಕಿರುಗುಟ್ಟುತ್ತಿತ್ತು. ಮಂಡಳಿಯ ಅಧ್ಯಕ್ಷೆ ವಯಸ್ಸಾದವರು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ಇವರ ಕೈಯಲ್ಲಿ ಏನಾಗುತ್ತದೆ ಎಂದುಕೊಂಡೆ. ನಿನ್ನ ಒಂಬತ್ತನೇ ಫೋಟೋ ಕೈಗೆ ಬಂದಾಗ ಮಾತ್ರ ಅವರು ಕನ್ನಡಕ ಇಳಿಸಿದರು, ಹತ್ತು ನಿಮಿಷ ಬೇರೆ ಏನನ್ನೂ ನೋಡಲಿಲ್ಲ.

"ಈ ತೂತು ನೀವು ನೋಡಿದ್ರಾ?" ಎಂದು ಕೇಳಿದರು.

"ನೋಡಿದ್ದೆ ಮೇಡಂ."

"ನೋಡಿಯೂ ಹಾಕಿದ್ರಾ?"

"ಹಾಕಿದೆ. ಆಮೇಲೆ ಏಣಿ ಹತ್ತಿ ಕೊಳವೆ ನೋಡಲಿಲ್ಲ. ಅದೂ ಬರ್ಕೊಳ್ಳಿ."

ಕಂಪನಿಯ ವಕೀಲರಿಗೆ ಖುಷಿಯಾಯಿತು. ತಪ್ಪು ಒಪ್ಪಿಕೊಂಡಾಗಿದೆ, ಇನ್ನು ಮುಂದಕ್ಕೆ ಹೋಗುವುದೇನಿದೆ ಎಂದರು. ನಾನು ಕೂರಲಿಲ್ಲ. ಕೊಳವೆಯನ್ನು ಉದ್ದಕ್ಕೆ ಕೊಯ್ಯಿರಿ ಎಂದೆ. ಅದರಲ್ಲಿರುವುದು ಹಳ್ಳದ ಮಣ್ಣು ಎಂದರು ವಕೀಲರು.

"ಹಳ್ಳದ ಮಣ್ಣೇ ಆದ್ರೆ ಕೊಯ್ಯೋಕೆ ನಿಮಗೇನು ಭಯ ಸಾರ್?"

ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ನಿನ್ನ ಬೇಲಿ ಮಾವ, ಮಡಚುವ ಕುರ್ಚಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು.

ಮಾರನೇ ದಿನ ಕೊಯ್ದರು. ಬಾಯಿಯ ಹತ್ತಿರ ಹಳ್ಳದ ಕಪ್ಪು ಕೆಸರು. ಅದರ ಹಿಂದೆ ಬೇರೆ ಮಣ್ಣು, ಕೆಂಪಗೆ, ಒಣಗಿ ಗಟ್ಟಿಯಾದದ್ದು, ನಮ್ಮ ಹ್ಯಾಂಗರಿನ ಗೋಡೆಯ ಗೂಡುಗಳದ್ದೇ ಬಣ್ಣ. ಅದನ್ನು ಚಿಮಟದಿಂದ ಬಿಡಿಸಿದಾಗ ಒಳಗೆ ಒಂದು ಪುಟ್ಟ ಕೋಣೆ. ಕೋಣೆಯಲ್ಲಿ ಏಳು ಜೇಡ. ಕಡಜ ಮರಿಗೆಂದು ಕೂಡಿಟ್ಟದ್ದು. ಹಳ್ಳದ ಕೆಸರು ಜೇಡಗಳನ್ನು ಸಾಲಾಗಿ ಜೋಡಿಸಿಡುವುದಿಲ್ಲ ಎಂದು ಅಧ್ಯಕ್ಷೆ ಹೇಳಿದರು. 

ಆರು ಗಂಟೆಯ ಸುತ್ತೋಲೆ ರದ್ದಾಗಿದೆ. ಕಂಪನಿಯ ಎಲ್ಲ ಊರುಗಳಲ್ಲೂ ಸುಟ್ಟ ಟೋಪಿಗಳನ್ನು ವಶಕ್ಕೆ ತೆಗೆದುಕೊಂಡಿದ್ದಾರೆ. ನಲವತ್ತೊಂದು ಸಿಕ್ಕಿದವಂತೆ. ನನ್ನ ಮೂರು ಚೀಟಿಗಳು ಯಾರ ಮೇಜಿನಿಂದ ವಾಪಸ್ ಬಂದವು ಎಂದು ಸಾಹೇಬರನ್ನು ಬೇರೆ ಕೊಠಡಿಯಲ್ಲಿ ಕೂರಿಸಿ ಕೇಳುತ್ತಿದ್ದಾರೆ. ಅದು ಏನಾಗುತ್ತದೋ ನನಗೆ ಗೊತ್ತಿಲ್ಲ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆ ಹುಡುಗಿಯ ತಾಯಿ ಎರಡು ದಿನವೂ ಬಂದಿದ್ದರು. ಹೊರಗೆ ಕಾರಿಡಾರಿನಲ್ಲಿ ನನ್ನ ಮುಂದೆ ನಿಂತರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನೀವಾದ್ರೂ ಹೇಳಿದ್ರಿ," ಎಂದಷ್ಟೇ ಹೇಳಿ ಹೋದರು. ನನಗೆ ಅದು ಕ್ಷಮೆಯಲ್ಲ ಎಂದು ಗೊತ್ತಿದೆ.

ನನ್ನ ಲೈಸೆನ್ಸ್ ಹೋಯಿತು. ನಿನ್ನೆ ಕಚೇರಿಯಲ್ಲಿ "ಸ್ವಇಚ್ಛೆಯಿಂದ ಹಿಂತಿರುಗಿಸುತ್ತಿದ್ದೇನೆ" ಎಂದು ಅಚ್ಚಾದ ಫಾರಂ ಕೊಟ್ಟರು. ಹಾಗೆ ಬರೆದರೆ ಮರ್ಯಾದೆ ಉಳಿಯುತ್ತದಂತೆ. ನನಗೆ ಇಚ್ಛೆ ಇಲ್ಲ ಎಂದೆ. ಕಿತ್ತುಕೊಳ್ಳಿ, ಯಾಕೆ ಕಿತ್ತುಕೊಂಡಿರಿ ಎಂದು ನಿಮ್ಮ ಕೈಯಲ್ಲೇ ಬರೆದುಕೊಡಿ ಎಂದೆ. ಗುಮಾಸ್ತ ಎರಡು ಸಲ ಒಳಗೆ ಹೋಗಿ ಬಂದ. ಕೊನೆಗೆ ಬರೆದುಕೊಟ್ಟರು, ಮುದ್ರೆ ಸಮೇತ: ತೂತುಬಿದ್ದ ಟೋಪಿ ಬಳಸಿದ್ದಕ್ಕೆ, ಕೊಳವೆ ಪರೀಕ್ಷಿಸದೇ ಇದ್ದದ್ದಕ್ಕೆ. ಮರೆತದ್ದಕ್ಕೆ ಎಂದು ಎಲ್ಲೂ ಇಲ್ಲ. ಎರಡು ಸಲ ಓದಿ ನೋಡಿದೆ.

ನಿನ್ನ ಮೇಲೆ ಸಿಟ್ಟಿದೆಯೇ ಎಂದು ನೀನು ಕೇಳಿಲ್ಲ. ಇದೆ. ಮಾರ್ಚಿನದು ಇನ್ನೂ ಸ್ವಲ್ಪ ಇದೆ, ಒಂದೇ ದಿನದಲ್ಲಿ ಹೋಗುವಂಥದ್ದಲ್ಲ. ಬಂದಾಗ ಎದುರಿಗೇ ಬೈಯುತ್ತೇನೆ, ಕಾಗದದಲ್ಲಿ ಬೈದರೆ ಸರಿಹೋಗುವುದಿಲ್ಲ.

ಒಂದು ವರ್ಷ ಕಳೆದ ಮೇಲೆ ಮೊದಲಿನಿಂದ ಪರೀಕ್ಷೆ ಬರೆಯಬಹುದು ಎಂದು ಗುಮಾಸ್ತ ಹೇಳಿದ. ಹೇಳುವಾಗ ನನ್ನ ನರೆಗೂದಲು ನೋಡಿದ. ಅರ್ಜಿ ಈಗಲೇ ಕೊಡಿ ಎಂದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಕೇಳಿ ತಂದಿದ್ದೇನೆ, ಕಾಲ ಎಷ್ಟೋ ಮುಂದೆ ಹೋಗಿದೆ, ಪ್ರಶ್ನೆಗಳು ಮಾತ್ರ ನಾನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಬರೆದವೇ. ಹದಿನಾಲ್ಕನೆಯದು ಪ್ರತಿ ವರ್ಷ ಬರುತ್ತದೆ: ನಿಂತ ವಿಮಾನದ ಪಿಟೋ ಟ್ಯೂಬಿಗೆ ಟೋಪಿ ಯಾಕೆ ತೊಡಿಸಬೇಕು? ಎರಡು ಅಂಕ, ಒಂದು ವಾಕ್ಯದಲ್ಲಿ ಉತ್ತರಿಸಿ.

ನಾನು ನಾಲ್ಕು ಪುಟ ಬರೆಯುತ್ತೇನೆ. ತಿದ್ದುವವರು ಕೂತು ಓದಲಿ.

ನಿನ್ನ ಅತ್ತೆ